ತಾರಸಿಯ ತೋಟಕ್ಕೆ ಗೊಬ್ಬರದ ತಿಳಿ

ಬಿನ್ನಿಪೇಟೆಯೆಂದರೆ ಹಳೆಯ ಬೆಂಗಳೂರಿನವರಿಗೆ ಮೊದಲು ನೆನಪಿಗೆ ಬರತಕ್ಕದ್ದು ಗಿರಣಿ. 1884ರಲ್ಲಿ ಸ್ಥಾಪಿತವಾಗಿ, ಎರಡು ವರ್ಷಗಳ ತರುವಾಯ ಬಿನ್ನಿ ಕಂಪನಿಯ ಆಡಳಿತಕ್ಕೆ ಒಳಪಟ್ಟ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿಯೇ ಈ ಪೇಟೆಗೆ ಹೆಸರನ್ನು ಕೊಟ್ಟಿತು. ಸಹಸ್ರಾರು ಸಂಸಾರಗಳಿಗೆ ಅನ್ನವನ್ನೂ ಕೊಟ್ಟಿತು. ಆ ಗಿರಣಿ ಇಂದು ಇಲ್ಲ. ಅದು ನಿಂತಿದ್ದ ಭೂಮಿಯ ಮೇಲೆ ಗಗನಕ್ಕೆ ಚಾಚಿದ ವಸತಿ ಸಮುಚ್ಚಯಗಳು ಎದ್ದಿವೆ. ಅವುಗಳ ನೆರಳಿನಲ್ಲಿ, ಮಾಗಡಿ ರಸ್ತೆಯ ಕಡೆಗೂ ಕಾಟನ್‌ಪೇಟೆಯ ಕಡೆಗೂ ಹಬ್ಬಿರುವ ಓಣಿಗಳಲ್ಲಿ, ಒಂದು ಗೋಡೆಯನ್ನು ಇಬ್ಬರು ಹಂಚಿಕೊಂಡಿರುವ ಹಳೆಯ ಮನೆಗಳು ಉಳಿದುಕೊಂಡಿವೆ. ಮೇಲ್ನೋಟಕ್ಕೆ ಈ ಎರಡು ಬಗೆಯ ವಸತಿಗಳಿಗೂ ಸಾಮ್ಯವಿಲ್ಲದಂತೆ ತೋರಿದರೂ, ತಾರಸಿಯನ್ನೋ ಮೊಗಸಾಲೆಯನ್ನೋ ನೋಡಿದವರಿಗೆ ಒಂದು ಸಾಮ್ಯವು ಕಂಡೇ ಕಾಣುತ್ತದೆ: ಎರಡು ಕಡೆಯೂ ಕುಂಡಗಳಿವೆ, ಕುಂಡಗಳಲ್ಲಿ ತುಳಸಿ, ದೊಡ್ಡಪತ್ರೆ, ಕರಿಬೇವು, ಬಸಳೆ, ಕನಕಾಂಬರಗಳಿವೆ, ಮೂಲೆಯಲ್ಲಿ ಅಡಿಗೆಮನೆಯ ಸಿಪ್ಪೆ ಸೊಪ್ಪುಗಳನ್ನು ಗೊಬ್ಬರವಾಗಿಸುವ ಮಡಕೆಯೋ ಡ್ರಮ್ಮೋ ಇದೆ.

ಆ ಮಡಕೆ ಅಲ್ಲಿಗೆ ಬಂದದ್ದು ಕೇವಲ ತೋಟದ ಮೋಹದಿಂದಲ್ಲ. ಹಸಿ ಕಸ, ಒಣ ಕಸ, ತ್ಯಾಜ್ಯಗಳಲ್ಲಿಯೇ ಅಪಾಯಕರವಾದದ್ದು, ಹೀಗೆ ಎರಡು ಬುಟ್ಟಿ ಒಂದು ಚೀಲದ ಪದ್ಧತಿಯಿಂದ ಮನೆಯಲ್ಲಿಯೇ ಕಸವನ್ನು ವಿಂಗಡಿಸತಕ್ಕದ್ದೆಂದು ಉಚ್ಚ ನ್ಯಾಯಾಲಯವು 2015ರ ಡಿಸೆಂಬರಿನಲ್ಲಿ ವಿಧಿಸಿತು. ದಿನಕ್ಕೆ 100 ಕಿಲೋಗ್ರಾಮಿಗಿಂತ ಹೆಚ್ಚು ಕಸವನ್ನು ಹೊರಹಾಕುವ ಸಮುಚ್ಚಯಗಳನ್ನು ಮರುವರ್ಷದ ಕೇಂದ್ರ ನಿಯಮಗಳು ಪ್ರತ್ಯೇಕ ವರ್ಗವಾಗಿ ಪರಿಗಣಿಸಿ, ಹಸಿ ಕಸವನ್ನು ಸಾಧ್ಯವಾದಷ್ಟೂ ಆವರಣದೊಳಗೇ ವಿಲೇವಾರಿ ಮಾಡತಕ್ಕದ್ದೆಂದವು. ಅದಕ್ಕೆ ಮುಂಚೆಯೇ, 2006ರಲ್ಲಿ, ಡೈಲಿ ಡಂಪ್ ಎಂಬ ಸಂಸ್ಥೆಯು ಮಣ್ಣಿನ ಮಡಕೆಗಳನ್ನು ಒಂದರ ಮೇಲೊಂದು ಪೇರಿಸಿದ 'ಖಂಬ'ವನ್ನು ಈ ನಗರದ ಮನೆಗಳಿಗೆ ಪರಿಚಯಿಸಿತ್ತು. ಕೃಷಿ ವಿಜ್ಞಾನಿ ಡಾ. ಬಿ. ಎನ್. ವಿಶ್ವನಾಥ್ ಅವರಂಥವರು ತಾರಸಿ ತೋಟದ ಪಾಠವನ್ನು ಊರೆಲ್ಲ ಹೇಳಿಕೊಟ್ಟಿದ್ದರು. ಇವೆಲ್ಲದರ ಫಲವಾಗಿ, ಮಣ್ಣೇ ಕಾಣದ ಮನೆಗಳಲ್ಲಿಯೂ ಇಂದು ಗೊಬ್ಬರವು ಯಥೇಚ್ಛವಾಗಿದೆ; ಅದನ್ನು ನೀರಿನಲ್ಲಿ ಅದ್ದಿ, ಮೀನಿನ ತೊಟ್ಟಿಗೆ ಗಾಳಿಯೂದುವ ಪುಟ್ಟ ಪಂಪಿನ ಕೊಳವೆಯನ್ನು ಇಳಿಬಿಟ್ಟು, ಒಂದು ದಿನದ ಅನಂತರ ದೊರೆಯುವ ಕಂದುಬಣ್ಣದ ತಿಳಿಯನ್ನು ಗಿಡಗಳಿಗೆ ಎರೆಯುವ ಅಭ್ಯಾಸವೂ ಬೆಳೆದಿದೆ. ಕಾಂಪೋಸ್ಟ್ ಟೀ ಎಂದು ಎಲ್ಲರೂ ಕರೆಯುವ ಆ ದ್ರವವನ್ನೇ ನಾನಿಲ್ಲಿ ಗೊಬ್ಬರದ ತಿಳಿ ಎನ್ನುತ್ತೇನೆ.

ಇದನ್ನು ಮಾಡುವ ವಿಧಾನ ಯಾರಿಗೂ ಕಷ್ಟವಲ್ಲ. ಪ್ರಶ್ನೆ ಹುಟ್ಟುವುದು ಮಾಡಿದ ಮೇಲೆ. ಹತ್ತು ಲೀಟರ್ ಮಾಡಿದವರ ಕುಂಡಗಳಿಗೆ ಆರು ಲೀಟರ್ ಸಾಕಾಗುತ್ತದೆ, "ಮಿಕ್ಕಿದ್ದನ್ನ ಬಾಟ್ಲಿಗೆ ತುಂಬಿಟ್ರೆ ಎಷ್ಟು ದಿನ ಬರುತ್ತೆ ಸಾರ್?" ಎಂಬ ಪ್ರಶ್ನೆ ತಾರಸಿ ತೋಟದವರು ಸೇರಿದ ಕಡೆಯಲ್ಲೆಲ್ಲ ಕೇಳಿಬರುತ್ತದೆ. ಅದರ ಬೆನ್ನಿಗೇ ಎರಡನೆಯದು: ಇದು ಚೆನ್ನಾಗಿದೆಯೋ ಕೆಟ್ಟಿದೆಯೋ ತಿಳಿಯುವುದು ಹೇಗೆ? ಈ ಎರಡು ಪ್ರಶ್ನೆಗಳೂ ವಾಸ್ತವವಾಗಿ ಒಂದೇ ಎಂಬುದೂ, ಅವೆರಡಕ್ಕೂ ಉತ್ತರವು ಬಾಟಲಿಯಲ್ಲಿಲ್ಲದೆ ಗೊಬ್ಬರದ ಚೀಲದಲ್ಲಿದೆ ಎಂಬುದೂ ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಕಾರಣವನ್ನು ಸಾವಕಾಶವಾಗಿ ನಿರೂಪಿಸಬೇಕಾಗಿದೆ.

ಮೊದಲು ಒಂದು ಭ್ರಾಂತಿಯನ್ನು ನಿವಾರಿಸಿಕೊಳ್ಳುವುದು ಒಳ್ಳೆಯದು. ಗೊಬ್ಬರದ ಮಡಕೆಯ ತಳದಲ್ಲಿ ತಾನಾಗಿಯೇ ಒಸರಿ ನಿಲ್ಲುವ ಕಪ್ಪು ನೀರು ಗೊಬ್ಬರದ ತಿಳಿಯಲ್ಲ. ಅದು ಇನ್ನೂ ಪಕ್ವವಾಗದ ಸಿಪ್ಪೆಗಳಿಂದ ಇಳಿದ ರಸ. ಅದರಲ್ಲಿ ಲವಣಗಳೂ ಸಾವಯವ ಆಮ್ಲಗಳೂ ಹೆಚ್ಚು. ಎಳೆಯ ಸಸಿಯ ಬುಡಕ್ಕೆ ಹಾಗೆಯೇ ಸುರಿದರೆ ಬೇರು ಸುಟ್ಟುಹೋಗುವ ಸಂಭವವುಂಟು. ಅದನ್ನು ಮತ್ತೆ ಮಡಕೆಯೊಳಗಿನ ಒಣ ಎಲೆಗಳ ಮೇಲೆಯೇ ಸುರಿಯುವುದು ಯುಕ್ತ. ಎರೆಹುಳುವಿನ ತೊಟ್ಟಿಯ ಮೂಲಕ ನೀರನ್ನು ಇಳಿಸಿ ಪಡೆಯುವ ಎರೆಜಲವು ಇನ್ನೊಂದು ಬಗೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾ. ರಾಧಾ ಕಾಳೆ ಅವರು ಎರೆಹುಳುಗಳ ವಿಷಯದಲ್ಲಿ ದೀರ್ಘಕಾಲ ನಡೆಸಿದ ಸಂಶೋಧನೆಯಿಂದ ಆ ವಿದ್ಯೆ ನಮ್ಮ ರೈತರಲ್ಲಿ ಪ್ರಚಾರಕ್ಕೆ ಬಂದಿತು. ಗೊಬ್ಬರದ ತಿಳಿಯಾದರೋ ಸಂಪೂರ್ಣವಾಗಿ ಕಳಿತು ಮಣ್ಣಿನ ವಾಸನೆ ಬಂದ ಗೊಬ್ಬರವನ್ನು ಬಟ್ಟೆಯಲ್ಲಿ ಕಟ್ಟಿ, ನೀರಿನಲ್ಲಿ ಇಳಿಬಿಟ್ಟು, ಅದರಲ್ಲಿನ ಕರಗುವ ಪೋಷಕಾಂಶಗಳನ್ನೂ ಸೂಕ್ಷ್ಮಜೀವಿಗಳನ್ನೂ ನೀರಿಗೆ ಬಿಡಿಸಿಕೊಂಡದ್ದು.

ಇನ್ನೊಂದು ಭ್ರಾಂತಿ ಇದಕ್ಕಿಂತ ಸೂಕ್ಷ್ಮವಾದದ್ದು. ಗಿಡಗಳಿಗೆ ಕೊಳೆಯಿಸಿದ ದ್ರವಗಳನ್ನು ಎರೆಯುವುದು ನಮ್ಮವರಿಗೆ ಹೊಸದಲ್ಲ. ಚಾಳುಕ್ಯರ ಕಾಲದಲ್ಲಿ, 1025ರ ಸುಮಾರಿನಲ್ಲಿ, ಎರಡನೆಯ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಸುರಪಾಲನ ಸಂಸ್ಕೃತ ಗ್ರಂಥದಲ್ಲಿ ಹೇಳಿರುವ ಕುಣಪಜಲವೂ ಹಲವು ದಿನ ಇಟ್ಟು ಕೊಳೆಯಿಸಿಯೇ ಸಿದ್ಧವಾಗತಕ್ಕದ್ದು. ಈಚೆಗೆ ನಮ್ಮ ರೈತರಲ್ಲಿ ಬಹಳ ಪ್ರಸಿದ್ಧವಾದ ಜೀವಾಮೃತವನ್ನು ಸಗಣಿ, ಗಂಜಳ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟುಗಳಿಂದ ಹುದುಗಿಸುತ್ತಾರೆ; ಅದರಲ್ಲಿನ ಉಪಯುಕ್ತ ಜೀವಿಗಳ ಸಂಖ್ಯೆ ಒಂಬತ್ತರಿಂದ ಹನ್ನೆರಡನೆಯ ದಿನದ ವೇಳೆಗೆ ಅತ್ಯಧಿಕವಾಗಿರುತ್ತದೆಂದು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರೇ ಪರೀಕ್ಷಿಸಿ ಹೇಳಿದ್ದಾರೆ. ಪಂಚಗವ್ಯಕ್ಕೆ ಮೂರು ವಾರಗಳಷ್ಟು ಕಾಲ ಹಿಡಿಯುತ್ತದೆ. ಇಂಥ ದ್ರವಗಳನ್ನು ಕಂಡವರು ಗೊಬ್ಬರದ ತಿಳಿಯನ್ನೂ ಹಾಗೆಯೇ ಹತ್ತು ದಿನ ಇಡಬಹುದೆಂದು ಭಾವಿಸುವುದು ಸ್ವಾಭಾವಿಕ. ಆದರೆ ಅವು ಹುದುಗಿಸುವ ಉದ್ದೇಶದಿಂದಲೇ ಮಾಡಿದವು. ಗಾಳಿ ಕಡಮೆಯಾದಾಗ ಬಾಳಬಲ್ಲ ಜೀವಿಗಳೇ ಅಲ್ಲಿ ಪ್ರಧಾನ. ಗಾಳಿಯೂದಿ ಮಾಡಿದ ಗೊಬ್ಬರದ ತಿಳಿಯಲ್ಲಿ ನಾವು ಬೇಡುವುದು ಗಾಳಿಯಿಲ್ಲದೆ ಬಾಳಲಾರದ ಜೀವಿಗಳನ್ನು. ಒಂದಕ್ಕೆ ಸಲ್ಲುವ ಕಾಲಮಾನವು ಇನ್ನೊಂದಕ್ಕೆ ಸಲ್ಲದು.

ಗಾಳಿಯ ವಿಷಯಕ್ಕೆ ಬಂದರೆ, ಈ ವಿದ್ಯೆಯ ಒಂದು ಬೇರು ಬಿನ್ನಿಪೇಟೆಯಿಂದ ಕೆಲವೇ ಮೈಲಿ ಉತ್ತರಕ್ಕೆ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಇದೆಯೆಂಬುದನ್ನು ಇಲ್ಲಿ ಸ್ಮರಿಸದೆ ಮುಂದೆ ಹೋಗಲಾರೆ. ಊರಿನ ಮಲಿನಜಲಕ್ಕೆ ಗಾಳಿಯನ್ನು ಊದಿದರೆ ಅದರಲ್ಲಿರುವ ಜೀವಿಗಳೇ ಅದನ್ನು ಶುದ್ಧಗೊಳಿಸುವುವೆಂಬ ತತ್ತ್ವವನ್ನು 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರು ಪ್ರಕಟಿಸಿದರು. ಅವರಿಗೆ ದಾರಿ ತೋರಿದವರು ಗಿಲ್ಬರ್ಟ್ ಫೌಲರ್. ಆ ಫೌಲರ್ ಮಹಾಶಯರೇ ಮುಂದೆ ಬೆಂಗಳೂರಿಗೆ ಬಂದು, ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನಶಾಸ್ತ್ರದ ಅಧ್ಯಯನಕ್ಕೆ ಅಸ್ತಿಭಾರವನ್ನು ಹಾಕಿ, ಊರಿನ ಕಸವನ್ನು ಗೊಬ್ಬರವಾಗಿಸುವ ಪ್ರಯೋಗಗಳಲ್ಲಿ ಆಸಕ್ತರಾದರು. 1939ರಲ್ಲಿ ಅದೇ ಸಂಸ್ಥೆಯ ಸಿ. ಎನ್. ಆಚಾರ್ಯರು ರೂಪಿಸಿದ ಗುಂಡಿಯ ವಿಧಾನವು 'ಬೆಂಗಳೂರು ಪದ್ಧತಿ' ಎಂಬ ಹೆಸರಿನಿಂದ ದೇಶವಿದೇಶಗಳ ಕೃಷಿ ಪಠ್ಯಗಳಲ್ಲಿ ನೆಲೆಸಿದೆ. ಆದುದರಿಂದ, ತಾರಸಿಯ ಮೇಲೆ ಬಕೆಟ್ಟಿನಲ್ಲಿ ಗುಳುಗುಳು ಸದ್ದು ಮಾಡುವ ಮೀನಿನ ತೊಟ್ಟಿಯ ಪಂಪು ಈ ಊರಿಗೆ ಪರಕೀಯವಾದ ವಸ್ತುವೇನೂ ಅಲ್ಲ.

ಈಗ ಗಣಿತ. ನೀರಿನಲ್ಲಿ ಕರಗಬಲ್ಲ ಆಮ್ಲಜನಕವು ಅತ್ಯಲ್ಪ. ಸಮುದ್ರಮಟ್ಟದಲ್ಲಿ, 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಲೀಟರಿಗೆ ಸುಮಾರು 8 ಮಿಲಿಗ್ರಾಮ್ ಮಾತ್ರ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ, ಇಲ್ಲಿಯ ವಾಯುಭಾರ ಕಡಮೆಯಾಗಿ, ಆ ಪ್ರಮಾಣವು ಏಳೂವರೆ ಮಿಲಿಗ್ರಾಮಿನ ಆಸುಪಾಸಿಗೆ ಇಳಿಯುತ್ತದೆ. ಗಾಳಿಯನ್ನವಲಂಬಿಸಿದ ಜೀವಿಗಳು ಸುಖವಾಗಿರಬೇಕಾದರೆ ಲೀಟರಿಗೆ 6 ಮಿಲಿಗ್ರಾಮ್ ಇರಬೇಕೆಂದು ಕಾಂಪೋಸ್ಟ್ ಟೀಯನ್ನು ಜಗತ್ತಿನಲ್ಲಿ ಪ್ರಚಾರಗೊಳಿಸಿದ ಅಮೆರಿಕದ ಎಲೇನ್ ಇಂಗ್ಹ್ಯಾಮ್ ಅವರ ಮತ. ಅಂದಮೇಲೆ ನಮ್ಮ ಕೈಯಲ್ಲಿರುವ ಉಳಿತಾಯ ಲೀಟರಿಗೆ ಒಂದೂವರೆ ಮಿಲಿಗ್ರಾಮ್ ಅಷ್ಟೆ. ಪಂಪನ್ನು ನಿಲ್ಲಿಸಿದ ಕ್ಷಣದಿಂದ, ಗೊಬ್ಬರದಿಂದ ಬಂದು ನೀರಿನಲ್ಲಿ ಮಿತಿಯಿಲ್ಲದೆ ವೃದ್ಧಿಯಾದ ಆ ಜೀವಸಮೂಹವು ಈ ಅಲ್ಪವಾದ ಉಳಿತಾಯವನ್ನು ವೆಚ್ಚಮಾಡಲು ಆರಂಭಿಸುತ್ತದೆ. ಮೇಲ್ಮೈಯಿಂದ ತಾನಾಗಿ ಇಳಿಯುವ ಗಾಳಿ ಆ ವೆಚ್ಚವನ್ನು ತುಂಬಿಕೊಡಲಾರದು. ಬಾಟಲಿಗೆ ತುಂಬಿ ಮುಚ್ಚಳ ಬಿಗಿದರಂತೂ ಆ ದಾರಿಯೂ ಮುಚ್ಚಿಹೋಯಿತು.

ಜೀವಿಗಳಿಗೆ ಆಹಾರವಾಗಲೆಂದು ತಿಳಿಗೆ ಬೆಲ್ಲವನ್ನು ಹಾಕುವವರು ಇದನ್ನು ವಿಶೇಷವಾಗಿ ಯೋಚಿಸತಕ್ಕದ್ದು. ಹತ್ತು ಲೀಟರ್ ನೀರಿನಲ್ಲಿ ಕರಗಿರುವ ಒಟ್ಟು ಆಮ್ಲಜನಕವು ಸುಮಾರು 75 ಮಿಲಿಗ್ರಾಮ್. ಒಂದು ಚಿಕ್ಕ ಚಮಚದಷ್ಟು, ಎಂದರೆ 5 ಗ್ರಾಮ್, ಬೆಲ್ಲವನ್ನು ಜೀವಿಗಳು ಪೂರ್ಣವಾಗಿ ದಹಿಸಿಕೊಳ್ಳಬೇಕಾದರೆ ಆ 75 ಮಿಲಿಗ್ರಾಮಿನ ಸುಮಾರು ಅರವತ್ತು ಪಟ್ಟು ಆಮ್ಲಜನಕ ಬೇಕಾಗುತ್ತದೆ. ಅದರಲ್ಲಿ ಒಂದು ಭಾಗವು ಜೀವಿಗಳ ದೇಹವಾಗಿ ಉಳಿಯುವುದೆಂದು ಲೆಕ್ಕ ಹಿಡಿದರೂ, ಹಿಡಿಬೆಲ್ಲವನ್ನು ಕರಗಿಸಿ ಚಿಕ್ಕ ಪಂಪನ್ನು ನಂಬುವುದು ಎಷ್ಟರ ಮಟ್ಟಿಗೆ ಸಾಧುವೆಂದು ಓದುಗರೇ ನಿರ್ಣಯಿಸಬಹುದು. ವಿದ್ಯುತ್ತು ಹೋದ ಅರ್ಧ ಗಂಟೆಯಲ್ಲಿಯೇ ಬೆಲ್ಲ ಹಾಕಿದ ಬಕೆಟ್ಟು ಹುಳಿಯ ಹಾದಿ ಹಿಡಿಯಬಹುದು.

ಹಾಗಾದರೆ ಎಷ್ಟು ಹೊತ್ತು ಇಡಬಹುದು? ಪಂಪು ನಿಂತ ಮೇಲೆ ನಾಲ್ಕು ಗಂಟೆ, ಬಹಳವೆಂದರೆ ಆರು ಗಂಟೆಯೊಳಗೆ ಮುಗಿಸಿಬಿಡುವುದು ಸರ್ವಸಮ್ಮತವಾದ ಕ್ರಮ. ಏಪ್ರಿಲ್ ಬಿಸಿಲಿನಲ್ಲಿ ಕಾದ ತಾರಸಿಯ ಮೇಲೆ ನಾಲ್ಕು ಗಂಟೆಯೂ ಹೆಚ್ಚು. ಉಷ್ಣತೆಯು ಹತ್ತು ಡಿಗ್ರಿ ಏರಿದರೆ ಜೀವಿಗಳ ಉಸಿರಾಟವು ಸುಮಾರಾಗಿ ಇಮ್ಮಡಿಯಾಗುತ್ತದೆ, ನೀರಿನಲ್ಲಿ ಆಮ್ಲಜನಕದ ವಿಲೀನತೆಯೋ ತಗ್ಗುತ್ತದೆ. ಅನಿವಾರ್ಯವಾಗಿ ಮರುದಿನಕ್ಕೆ ಇಡಬೇಕಾದರೆ ಮಾಡತಕ್ಕದ್ದಿಷ್ಟು: ಬಾಟಲಿಗೆ ತುಂಬದೆ ಅಗಲ ಬಾಯಿಯ ಬಕೆಟ್ಟಿನಲ್ಲಿಯೇ ಬಿಟ್ಟು, ಗೊಬ್ಬರದ ಗಂಟನ್ನು ಹೊರಗೆ ತೆಗೆದು, ನೆರಳಿಗೆ ಸರಿಸಿ, ಪಂಪನ್ನು ನಿಲ್ಲಿಸದೆ ಓಡಿಸುತ್ತಿರಬೇಕು. ವಿದ್ಯುತ್ತು ಹೋದರೆ ಕೋಲಿನಿಂದ ಆಗಾಗ ಕಡೆಯಬೇಕು. ಬಾಯಿಗೆ ತೆಳುವಾದ ಬಟ್ಟೆಯನ್ನು ಕಟ್ಟುವುದನ್ನು ಎಂದಿಗೂ ಮರೆಯಬಾರದು. ಡೆಂಗಿಯನ್ನು ಹರಡುವ ಸೊಳ್ಳೆಯು ಇಂಥ ಮನೆಯಂಗಳದ ಪಾತ್ರೆಗಳ ನೀರನ್ನೇ ಹುಡುಕಿ ಮೊಟ್ಟೆಯಿಡುವುದರಿಂದ, ಒಂದು ವಾರ ಮರೆತ ಬಕೆಟ್ಟು ಗಿಡಗಳಿಗೆ ಮಾತ್ರವಲ್ಲ, ಓಣಿಯ ಮಕ್ಕಳಿಗೂ ಅಪಾಯ. ಎರಡನೆಯ ದಿನವೂ ಉಳಿದರೆ ಅದನ್ನು ಗೊಬ್ಬರದ ಗುಡ್ಡೆಗೇ ಸುರಿದುಬಿಡುವುದು ಲೇಸು. ಅಲ್ಲಿ ಅದು ವ್ಯರ್ಥವಾಗುವುದಿಲ್ಲ.

ಶೀತಲ ಪೆಟ್ಟಿಗೆಯಲ್ಲಿ ಇಡಬಹುದಲ್ಲವೆ ಎಂದು ಕೇಳುವವರಿದ್ದಾರೆ. ಚಳಿಯಲ್ಲಿ ಜೀವಿಗಳ ಉಸಿರಾಟ ಮಂದವಾಗುವುದು ನಿಜ. ಆದರೆ ಮೊಸರು, ಹಾಲು, ಹೆಚ್ಚಿಟ್ಟ ಸೌತೆಕಾಯಿಗಳ ಮಗ್ಗುಲಲ್ಲಿ ಗೊಬ್ಬರದ ನೀರನ್ನು ಇಡುವುದು ಯಾವ ದೃಷ್ಟಿಯಿಂದಲೂ ಸರಿಯಲ್ಲ. ತಂಪುಪಾನೀಯದ ಬಾಟಲಿಗೆ ತುಂಬಿಡುವುದು ಅದಕ್ಕಿಂತ ಅಪಾಯಕರ. ಬಣ್ಣದಲ್ಲಿ ಅದು ಕಷಾಯವನ್ನೋ ಪಾನಕವನ್ನೋ ಹೋಲುತ್ತದೆ, ಮಕ್ಕಳು ಬಾಯಿಗಿಟ್ಟುಕೊಂಡಾರು. ಮುಚ್ಚಳ ಬಿಗಿದ ಬಾಟಲಿಯಲ್ಲಿ ಅನಿಲ ತುಂಬಿ ಸಿಡಿಯುವುದೂ ಉಂಟು. ಅಂಗಡಿಗಳಲ್ಲಿ ಮೊಹರು ಹಾಕಿ, ತಿಂಗಳುಗಟ್ಟಲೆ ಕೆಡದೆಂದು ಮಾರುವ ಇಂಥ ದ್ರವಗಳಲ್ಲಿ ಕರಗಿದ ಪೋಷಕಾಂಶಗಳು ಇರಬಹುದು. ಆದರೆ ಗಾಳಿಯಲ್ಲಿ ಬಾಳುವ ಜೀವಸಮೂಹವು ಅಷ್ಟು ಕಾಲ ಮುಚ್ಚಳದಡಿಯಲ್ಲಿ ಯಥಾಸ್ಥಿತಿಯಲ್ಲಿ ಉಳಿದಿರುವುದೆಂದು ನಾನು ನಂಬಲಾರೆ.

ಇಡಬೇಕಾದದ್ದು ಗೊಬ್ಬರವನ್ನು. ಪಕ್ವವಾದ ಗೊಬ್ಬರವು ಅಕ್ಕಿಯಂತೆ, ತಿಳಿಯು ಅನ್ನದಂತೆ: ಅಕ್ಕಿಯನ್ನು ವರ್ಷಕಾಲ ಇಡಬಹುದು, ಅನ್ನವನ್ನು ಅಂದಂದಿಗೆ ಬೇಯಿಸಿಕೊಳ್ಳಬೇಕು. ಗೊಬ್ಬರವನ್ನು ಗೋಣಿಚೀಲದಲ್ಲಿ, ಮಳೆ ಬಿಸಿಲು ತಾಗದ ಕಡೆ, ನೆಲದಿಂದ ಸ್ವಲ್ಪ ಎತ್ತರದಲ್ಲಿ ಇಟ್ಟರೆ ತಿಂಗಳುಗಳವರೆಗೆ ಅದರ ಸತ್ತ್ವ ಉಳಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದರೆ ಉಸಿರುಕಟ್ಟುತ್ತದೆ. ಬಿಸಿಲಿಗೆ ಬಿಟ್ಟರೆ ಧೂಳಾಗುತ್ತದೆ. ಮುಷ್ಟಿಯಲ್ಲಿ ಹಿಡಿದು ಅಮುಕಿದಾಗ ಉಂಡೆಯಾಗಿ ನಿಲ್ಲಬೇಕು, ನೀರು ತೊಟ್ಟಿಕ್ಕಕೂಡದು. ಮೇಲೆ ಬಿಳಿಯ ಬೂಷ್ಟು ತೆಳುವಾಗಿ ಹಬ್ಬಿದರೆ ಭಯಪಡಬೇಕಾದ್ದಿಲ್ಲ. ಬೇಕೆಂದ ದಿನ ಅರ್ಧ ಕಿಲೋ ತೆಗೆದುಕೊಂಡು, ಆ ದಿನದ ಕುಂಡಗಳಿಗೆ ಸಾಕಾಗುವಷ್ಟೇ ತಿಳಿಯನ್ನು ಮಾಡಿಕೊಂಡರೆ, ಮಿಕ್ಕಿದ್ದನ್ನು ಏನು ಮಾಡುವುದೆಂಬ ಪ್ರಶ್ನೆಯೇ ಏಳುವುದಿಲ್ಲ.

ನೀರಿನ ವಿಷಯದಲ್ಲಿಯೂ ಒಂದು ಮಾತು. 1974ರಿಂದ ಬೆಂಗಳೂರಿಗೆ ಬರುತ್ತಿರುವ ಕಾವೇರಿ ನೀರಿನಲ್ಲಿ ರೋಗಾಣುಗಳನ್ನು ಕೊಲ್ಲುವುದಕ್ಕಾಗಿಯೇ ಕ್ಲೋರಿನ್ ಬೆರೆಸಿರುತ್ತಾರೆ. ಗೊಬ್ಬರದ ಜೀವಿಗಳೆಂದು ಅದು ದಯೆ ತೋರುವುದಿಲ್ಲ. ಹಿಂದಿನ ರಾತ್ರಿಯೇ ಅಗಲವಾದ ಪಾತ್ರೆಯಲ್ಲಿ ಹಿಡಿದು ತೆರೆದಿಟ್ಟರೆ, ಅಥವಾ ಗೊಬ್ಬರವನ್ನು ಹಾಕುವ ಮುಂಚೆ ಒಂದೆರಡು ಗಂಟೆ ಪಂಪನ್ನು ಓಡಿಸಿದರೆ ಅದು ಬಹುಮಟ್ಟಿಗೆ ಹಾರಿಹೋಗುತ್ತದೆ. ಕೊಳವೆಬಾವಿಯ ನೀರಿನಲ್ಲಿ ಕ್ಲೋರಿನ್ನಿಲ್ಲ, ಲವಣವಿದೆ. ಮಳೆಯ ನೀರು ಎಲ್ಲಕ್ಕಿಂತ ಉತ್ತಮ.

ಇನ್ನು ಪರೀಕ್ಷೆ. ಮೊದಲನೆಯ ಪರೀಕ್ಷಕ ಮೂಗು, ಅದನ್ನು ಮೀರಿಸುವ ಉಪಕರಣ ಮನೆಯಲ್ಲಿಲ್ಲ. ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ, ಅಥವಾ ವಾಸನೆಯೇ ಇಲ್ಲದಿರುವುದು, ಒಳ್ಳೆಯ ಲಕ್ಷಣ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಂಧಕದ ಅನಿಲವೂ, ಮುಗ್ಗಿದ ಬೆಣ್ಣೆಯ ವಾಸನೆ ಬಂದರೆ ಬ್ಯುಟಿರಿಕ್ ಆಮ್ಲವೂ, ಕಣ್ಣು ಚುಚ್ಚುವ ವಾಸನೆ ಬಂದರೆ ಅಮೋನಿಯವೂ ಹುಟ್ಟಿದೆಯೆಂದು ತಿಳಿಯಬಹುದು. ಇವು ಮೂರೂ ಸಸಿಗಳಿಗೆ ಅಹಿತ. ಕೆಟ್ಟ ವಾಸನೆ ಬಂದ ತಿಳಿಯನ್ನು ಮತ್ತೆ ಗಾಳಿಯೂದಿ ಸರಿಪಡಿಸುವ ಪ್ರಯತ್ನವನ್ನು ಕೆಲವರು ಮಾಡುವರು. ವಾಸನೆ ಹೋದೀತು, ಅಷ್ಟರಲ್ಲಿ ಸತ್ತುಹೋದ ಜೀವಿಗಳು ಹಿಂತಿರುಗಲಾರವು. ಮೇಲೆ ನಿಲ್ಲುವ ನೊರೆಯನ್ನು ಕಂಡು ಹಿಗ್ಗುವವರುಂಟು. ಗೊಬ್ಬರದಿಂದ ಬಿಡುಗಡೆಯಾದ ಪ್ರೋಟೀನುಗಳಿಂದಲೂ ಬೆಲ್ಲದಿಂದಲೂ ನೊರೆ ಏಳುತ್ತದೆಯಾದುದರಿಂದ, ನೊರೆಯು ಗುಣದ ಸಾಕ್ಷಿಯಾಗಲಾರದು.

ಮೂಗಿನ ಅನಂತರ ಎರಡು ಅಗ್ಗದ ಸಾಧನಗಳು. ಆಮ್ಲ-ಕ್ಷಾರಗಳನ್ನು ತೋರಿಸುವ ಪಿಎಚ್ ಕಾಗದದಲ್ಲಿ ಆರೂವರೆಯಿಂದ ಎಂಟರವರೆಗೆ ಬಂದರೆ ಕ್ಷೇಮ. ಆರಕ್ಕಿಂತ ಕೆಳಗೆ ಇಳಿದರೆ ಹುಳಿಯುವಿಕೆ ಆರಂಭವಾಗಿದೆ. ಕುಡಿಯುವ ನೀರಿನ ಲವಣವನ್ನು ಅಳೆಯಲು ಮನೆಗಳಲ್ಲಿ ಇಟ್ಟುಕೊಳ್ಳುವ ಟಿಡಿಎಸ್ ಮೀಟರು ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಮೊದಲು ಬರಿಯ ನೀರನ್ನೂ ತರುವಾಯ ತಿಳಿಯನ್ನೂ ಅಳೆದು, ವ್ಯತ್ಯಾಸವನ್ನು ನೋಡಬೇಕು. ಆ ವ್ಯತ್ಯಾಸವೇ ಗೊಬ್ಬರದ ಕೊಡುಗೆ. ಒಟ್ಟು ಅಂಕಿ 1000ವನ್ನು ಮೀರಿದರೆ ಸಮನಾದ ನೀರನ್ನು ಬೆರೆಸದೆ ಎರೆಯಬಾರದೆಂಬುದು ನಾನು ಹೇಳುವ ನಿಯಮ. ಉಪ್ಪಿನಕಾಯಿ, ಸಾರು, ಹುಳಿಗಳ ಶೇಷವನ್ನೆಲ್ಲ ಮಡಕೆಗೆ ಹಾಕುವ ಮನೆಗಳಲ್ಲಿ ಈ ಅಂಕಿ ಏರುವುದು ಸಹಜ. ಹುರುಳಿಕಾಯಿ, ಕ್ಯಾರೆಟ್, ಈರುಳ್ಳಿಗಳು ಲವಣವನ್ನು ಸಹಿಸಲಾರವು. ಟೊಮೇಟೊ, ಪಾಲಕ್‌ಗಳು ತಕ್ಕಮಟ್ಟಿಗೆ ಸಹಿಸುತ್ತವೆ.

ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ಬೀಜದ ಪರೀಕ್ಷೆ. ಇಟಲಿಯ ಜುಕೋನಿ ಮತ್ತು ಅವರ ಸಂಗಡಿಗರು 1981ರಲ್ಲಿ ಹಾಲಿಂ ಜಾತಿಯ ಸಸ್ಯದ ಬೀಜಗಳಿಂದ ಗೊಬ್ಬರದ ಪಕ್ವತೆಯನ್ನು ಅಳೆಯುವ ವಿಧಾನವನ್ನು ಪ್ರಚಾರಕ್ಕೆ ತಂದರು. ಮೂಲಂಗಿ, ಸೌತೆಯ ಬೀಜಗಳೂ ಆ ಕೆಲಸಕ್ಕೆ ಬರುತ್ತವೆ. ಎರಡು ತಟ್ಟೆಗಳಲ್ಲಿ ಹೀರುಕಾಗದವನ್ನು ಹಾಸಿ, ಒಂದನ್ನು ಬರಿಯ ನೀರಿನಿಂದಲೂ ಇನ್ನೊಂದನ್ನು ತಿಳಿಯಿಂದಲೂ ತೋಯಿಸಿ, ಒಂದೊಂದರಲ್ಲಿಯೂ ಹತ್ತು ಬೀಜಗಳನ್ನಿಟ್ಟು, ಮುಚ್ಚಿ, ಮೂರು ದಿನ ಬೆಳಕಿಲ್ಲದ ಕಡೆ ಬಿಡಬೇಕು. ನಾಲ್ಕನೆಯ ದಿನ ಮೊಳೆತ ಬೀಜಗಳನ್ನು ಎಣಿಸಿ, ಬೇರುಗಳ ಉದ್ದವನ್ನು ಅಳತೆಪಟ್ಟಿಯಿಂದ ಅಳೆಯಬೇಕು. ನಿದರ್ಶನಕ್ಕೆ, ನೀರಿನ ತಟ್ಟೆಯಲ್ಲಿ ಹತ್ತೂ ಮೊಳೆತು ಬೇರಿನ ಸರಾಸರಿ ಉದ್ದ 40 ಮಿಲಿಮೀಟರ್ ಇದೆಯೆಂದೂ, ತಿಳಿಯ ತಟ್ಟೆಯಲ್ಲಿ ಒಂಬತ್ತು ಮೊಳೆತು 36 ಮಿಲಿಮೀಟರ್ ಇದೆಯೆಂದೂ ಇಟ್ಟುಕೊಳ್ಳೋಣ. ಮೊಳಕೆಯಲ್ಲಿ ನೂರಕ್ಕೆ ತೊಂಬತ್ತು, ಉದ್ದದಲ್ಲಿ ನೂರಕ್ಕೆ ತೊಂಬತ್ತು; ಎರಡನ್ನೂ ಗುಣಿಸಿದರೆ ಸೂಚ್ಯಂಕವು 81. ಎಂಬತ್ತಕ್ಕಿಂತ ಮೇಲಿದ್ದರೆ ಗೊಬ್ಬರವು ಸಸಿಗಳಿಗೆ ನಿರಪಾಯಕರ; ಐವತ್ತಕ್ಕಿಂತ ಕೆಳಗಿದ್ದರೆ ಅದರಲ್ಲಿ ಇನ್ನೂ ವಿಷಾಂಶವಿದೆ, ಕಳಿಯುವುದಕ್ಕೆ ಮತ್ತಷ್ಟು ಕಾಲ ಕೊಡಬೇಕು.

ಈ ಪರೀಕ್ಷೆಗೆ ಮೂರು ದಿನ ಹಿಡಿಯುವುದು ದೋಷವಲ್ಲವೆ, ಫಲಿತಾಂಶ ಬರುವಷ್ಟರಲ್ಲಿ ತಿಳಿಯೇ ಕೆಟ್ಟುಹೋಗಿರುತ್ತದಲ್ಲ ಎಂಬ ಆಕ್ಷೇಪಣೆಯನ್ನು ಊಹಿಸಬಲ್ಲೆ. ಪರೀಕ್ಷೆಗೆ ಒಳಗಾದದ್ದು ಆ ತಿಳಿಯಲ್ಲ, ಅದನ್ನು ಕೊಟ್ಟ ಗೊಬ್ಬರದ ಚೀಲ. ಪ್ರತಿಯೊಂದು ಹೊಸ ಚೀಲವನ್ನೂ ತೆರೆದಾಗ ಒಮ್ಮೆ ಈ ಪರೀಕ್ಷೆಯನ್ನು ಮಾಡಿ, ಚೀಲದ ಮೇಲೆ ದಿನಾಂಕವನ್ನೂ ಸೂಚ್ಯಂಕವನ್ನೂ ಬರೆದಿಟ್ಟರೆ, ಆ ಚೀಲ ಮುಗಿಯುವವರೆಗೆ ನಿಶ್ಚಿಂತೆ.

ಎಷ್ಟು ಹೊತ್ತು ಉಳಿದೀತೆಂಬುದನ್ನೇ ಅಳೆಯಬೇಕೆಂಬ ಕುತೂಹಲವುಳ್ಳವರಿಗೆ ಇನ್ನೊಂದು ಹಳೆಯ ಉಪಾಯವಿದೆ. ಶುದ್ಧೀಕರಿಸಿದ ಮಲಿನಜಲವು ಎಷ್ಟು ಕಾಲ ಕೆಡದೆ ಇರಬಲ್ಲದೆಂದು ನೋಡುವುದಕ್ಕೆ ಕಳೆದ ಶತಮಾನದ ಆದಿಭಾಗದಲ್ಲಿ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣವನ್ನು ಬಳಸುತ್ತಿದ್ದರು. ಹಾಲಿನ ಡೇರಿಗಳಲ್ಲಿ ಹಾಲಿನ ಗುಣವನ್ನು ನೋಡಲು ಬಳಸುವುದೂ ಅದನ್ನೇ. ಮೀನಿನ ತೊಟ್ಟಿಗಳನ್ನು ಮಾರುವ ಅಂಗಡಿಯಲ್ಲಿ ಅದು ಮೀನಿನ ಔಷಧಿಯೆಂದು ಸಿಗುತ್ತದೆ. ಚಿಕ್ಕ ಗಾಜಿನ ಸೀಸೆಗೆ, ನೀರು ಬೆರೆಸಿ ತೆಳುವಾಗಿಸಿದ ತಿಳಿಯನ್ನು ಕಂಠದವರೆಗೆ ತುಂಬಿ, ನೀಲಿ ಎದ್ದುಕಾಣುವಷ್ಟು ಹನಿಗಳನ್ನು ಹಾಕಿ, ಗಾಳಿಯ ಗುಳ್ಳೆ ಉಳಿಯದಂತೆ ಬಿರಡೆ ಹಾಕಿ, ಕತ್ತಲಲ್ಲಿಡಬೇಕು. ಸೀಸೆಯಲ್ಲಿನ ಆಮ್ಲಜನಕ ಮುಗಿದ ಮೇಲೆ ನೀಲಿಯು ಮಾಸಿಹೋಗುತ್ತದೆ. ಬೆಲ್ಲ ಹಾಕಿದ ತಿಳಿಯನ್ನೂ ಹಾಕದ ತಿಳಿಯನ್ನೂ ಒಂದೇ ಪ್ರಮಾಣದಲ್ಲಿ ತೆಳುಗೊಳಿಸಿ ಪಕ್ಕಪಕ್ಕದಲ್ಲಿ ಇಟ್ಟು ನೋಡಿದವರಿಗೆ ನಾನು ಮೇಲೆ ಹೇಳಿದ ಗಣಿತವು ಕಣ್ಣಿಗೇ ಕಾಣುವುದು. ಪರೀಕ್ಷೆಯ ನೀರನ್ನು ಗಿಡಕ್ಕೆ ಎರೆಯದೆ ಚೆಲ್ಲಬೇಕು.

ಆದರೆ ಮನೆಯ ಯಾವ ಪರೀಕ್ಷೆಯಿಂದಲೂ ತಿಳಿಯಲಾಗದ ಒಂದು ಸಂಗತಿಯುಂಟು. ಅದನ್ನು ಮರೆಮಾಚಿದರೆ ಓದುಗರಿಗೆ ಅನ್ಯಾಯವಾದೀತು. ಮನುಷ್ಯರಿಗೆ ಹೊಟ್ಟೆಯ ರೋಗಗಳನ್ನು ತರುವ ಇ. ಕೋಲೈ, ಸಾಲ್ಮೊನೆಲ್ಲಾಗಳಂಥ ಜೀವಿಗಳಿಗೆ ವಾಸನೆಯಿಲ್ಲ. ಬೀಜ ಮೊಳೆಯುವುದನ್ನು ಅವು ತಡೆಯುವುದೂ ಇಲ್ಲ. ಗೊಬ್ಬರವು ಕನಿಷ್ಠ 55 ಡಿಗ್ರಿಯ ಬಿಸಿಯಲ್ಲಿ ಮೂರು ದಿನವಾದರೂ ಬೆಂದಿದ್ದರೆ ಅವು ನಾಶವಾಗುತ್ತವೆಂದು ಲೆಕ್ಕ. ಸಮುಚ್ಚಯಗಳ ದೊಡ್ಡ ತೊಟ್ಟಿಗಳಲ್ಲಿ ಇದು ಸಾಧ್ಯ, ಒಂದು ಸಂಸಾರದ ಮಡಕೆಯಲ್ಲಿ ಅಷ್ಟು ಬಿಸಿ ಅಷ್ಟು ಕಾಲ ನಿಲ್ಲುವುದು ಅಪರೂಪ. ಬೆಲ್ಲ, ಕಾಕಂಬಿಗಳಂಥ ಆಹಾರವನ್ನು ಸೇರಿಸಿದ ತಿಳಿಯಲ್ಲಿಯೇ ಈ ರೋಗಾಣುಗಳು ವೃದ್ಧಿಯಾಗುತ್ತವೆಯೆಂದು 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿತು. ಅಲ್ಲಿಯ ಸಾವಯವ ಮಾನದಂಡಗಳ ಮಂಡಲಿಗೆ 2004ರಲ್ಲಿ ಸಲ್ಲಿಸಿದ ವರದಿಯು, ಇಂಥ ಆಹಾರ ಸೇರಿಸಿದ ತಿಳಿಯ 100 ಮಿಲಿಲೀಟರಿನಲ್ಲಿ ಇ. ಕೋಲೈ ಸಂಖ್ಯೆ 126ನ್ನು ಮೀರಬಾರದೆಂದು ಸೂಚಿಸಿತ್ತು. ಅಂಥ ಎಣಿಕೆ ಪ್ರಯೋಗಶಾಲೆಯ ಕೆಲಸ.

ಆದಕಾರಣ ನಮ್ಮ ಮನೆಗಳಿಗೆ ಸರಳವಾದ ಕ್ರಮವಿದು: ಬೆಲ್ಲವನ್ನು ಹಾಕಬೇಡಿ, ನಾಯಿ, ಬೆಕ್ಕುಗಳ ಮಲ ಸೇರಿದ ಗೊಬ್ಬರವನ್ನು ಇದಕ್ಕೆ ಬಳಸಬೇಡಿ, ತಿಳಿಯನ್ನು ಬುಡಕ್ಕೆ ಎರೆಯಿರಿ, ಹಸಿಯಾಗಿ ತಿನ್ನುವ ಎಲೆಗಳ ಮೇಲೆ ಸಿಂಪಡಿಸಬೇಡಿ. ತುಳಸಿಯನ್ನು ತೀರ್ಥಕ್ಕೆ ಹಾಕುತ್ತೇವೆ, ದೊಡ್ಡಪತ್ರೆಯನ್ನು ಹಸಿಯಾಗಿ ತಂಬುಳಿಗೆ ಅರೆಯುತ್ತೇವೆ, ಕೋಸಂಬರಿಗೆ ಕೊತ್ತಂಬರಿಯನ್ನು ಬೇಯಿಸದೆಯೇ ಉದುರಿಸುತ್ತೇವೆ. ಕನಕಾಂಬರಕ್ಕೂ ದಾಸವಾಳಕ್ಕೂ ಎಲೆಯ ಮೇಲೆ ಸಿಂಪಡಿಸಲು ಅಡ್ಡಿಯಿಲ್ಲ. ಅದನ್ನೂ ಬಿಸಿಲೇರುವ ಮುಂಚೆ ಅಥವಾ ಸಂಜೆ ಮಾಡಬೇಕು, ಏಕೆಂದರೆ ನೇರ ಬಿಸಿಲು ಆ ಜೀವಿಗಳನ್ನು ಕೊಲ್ಲುತ್ತದೆ. ಕೆಲಸ ಮುಗಿದ ಕೂಡಲೆ ಬಕೆಟ್ಟನ್ನೂ, ಕೊಳವೆಯನ್ನೂ, ಅದರ ತುದಿಯಲ್ಲಿ ಗುಳ್ಳೆಗಳನ್ನು ಬಿಡುವ ಗಾಳಿಯ ಕಲ್ಲನ್ನೂ ತಿಕ್ಕಿ ತೊಳೆದು ಬಿಸಿಲಿಗೆ ಒಣಹಾಕಬೇಕು. ಒಳಗೆ ಅಂಟುವ ಲೋಳೆಯೇ ಮುಂದಿನ ತಿಳಿಯನ್ನು ಕೆಡಿಸುವ ಬೀಜ.

ಇಷ್ಟೆಲ್ಲ ಶ್ರಮಕ್ಕೆ ದೊರೆಯುವ ಫಲವೇನು? ಗೊಬ್ಬರದ ತಿಳಿಯಲ್ಲಿ ಪೋಷಕಾಂಶಗಳು ಸ್ವಲ್ಪವೇ ಇರುತ್ತವೆ. ಕುಂಡಕ್ಕೆ ಹಾಕುವ ಒಂದು ಹಿಡಿ ಗೊಬ್ಬರಕ್ಕೆ ಅದು ಬದಲಿಯಲ್ಲ. ಎಲೆಯ ರೋಗಗಳನ್ನು ತಡೆಯುತ್ತದೆಂಬ ವಿಷಯದಲ್ಲಿ, 1980ರ ದಶಕದಲ್ಲಿ ಜರ್ಮನಿಯ ವೆಲ್ಟ್‌ಜಿಯೆನ್ ದ್ರಾಕ್ಷಿಯ ಮೇಲೆ ನಡೆಸಿದ ಪ್ರಯೋಗಗಳಿಂದ ಆಶಾದಾಯಕ ಫಲಿತಾಂಶಗಳು ಬಂದರೂ, ಆಮೇಲಿನ ಪ್ರಯೋಗಗಳಲ್ಲಿ ಫಲವು ಒಮ್ಮೆ ಕಂಡು ಒಮ್ಮೆ ಕಾಣದೆ, ಗೊಬ್ಬರದಿಂದ ಗೊಬ್ಬರಕ್ಕೆ ಬದಲಾಗುತ್ತ ಬಂದಿದೆ. ಆದರೂ ಕಿರಿದಾದ ಕುಂಡದ ಮಣ್ಣಿಗೆ, ಅದರಲ್ಲಿಯೂ ಹೊಸದಾಗಿ ನೆಟ್ಟ ಸಸಿಗೆ, ಶುದ್ಧವಾದ ತಿಳಿಯಿಂದ ತೇವವೂ ತುಸು ಆಹಾರವೂ ಜೀವಿಗಳೂ ಒಟ್ಟಿಗೆ ದೊರೆಯುವುದರಿಂದ, ಹದಿನೈದು ದಿನಕ್ಕೊಮ್ಮೆ ಎರೆಯುವುದು ಮಾಡತಕ್ಕ ಕೆಲಸವೆಂದೇ ನಾನು ಎಣಿಸುತ್ತೇನೆ.

ಗಿರಣಿಯ ಭೂಮಿಯಲ್ಲಿ ಎದ್ದ ದೊಡ್ಡ ಸಮುಚ್ಚಯಗಳಲ್ಲಿ ಗೊಬ್ಬರವು ಮಣಗಟ್ಟಲೆ ಆಗುವುದರಿಂದ, ಅಲ್ಲಿಯ ನಿವಾಸಿಗಳ ಸಂಘದವರು ಒಂದು ಏರ್ಪಾಟನ್ನು ಮಾಡಿಕೊಳ್ಳಬಹುದು. 200 ಲೀಟರಿನ ಡ್ರಮ್ಮಿನಲ್ಲಿ ತಿಳಿಯನ್ನು ಮಾಡಿ ಬಾಟಲಿಗಳಲ್ಲಿ ಹಂಚುವ ಬದಲು, ಶನಿವಾರ ಬೆಳಗ್ಗೆ ಗಾಳಿಯೂದಲು ಆರಂಭಿಸಿ, ಭಾನುವಾರ ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಪಂಪು ಓಡುತ್ತಿರುವಾಗಲೇ ಬಂದವರಿಗೆ ಅವರವರ ಚೊಂಬಿಗೂ ಬಕೆಟ್ಟಿಗೂ ಅಳೆದುಕೊಡಬೇಕು. ಆ ವಾರದ ಗೊಬ್ಬರದ ಬೀಜಸೂಚ್ಯಂಕವನ್ನೂ, ತಿಳಿಯ ಟಿಡಿಎಸ್ ಅಂಕಿಯನ್ನೂ, ಮಧ್ಯಾಹ್ನದೊಳಗೆ ಎರೆದು ಮುಗಿಸಬೇಕೆಂಬ ಸೂಚನೆಯನ್ನೂ ಡ್ರಮ್ಮಿನ ಪಕ್ಕದ ಹಲಗೆಯ ಮೇಲೆ ಬರೆದು ತೂಗುಹಾಕಬೇಕು. ಒಂಬತ್ತು ಗಂಟೆಗೆ ಉಳಿದದ್ದನ್ನು ಆವರಣದ ಹೊಂಗೆ, ಬೇವಿನ ಮರಗಳ ಬುಡಕ್ಕೆ ಹೊಯ್ದು, ಡ್ರಮ್ಮನ್ನು ತೊಳೆದು ಬೋರಲು ಹಾಕಿದರೆ ಆ ವಾರದ ಕೆಲಸ ಮುಗಿಯಿತು.